ಹತ್ತಿ ತುಂಬಿದ ಗಂಡಸು

ಗುಲ್ಜಾರಬೀ ಸಿಟ್ಟಾದರೆ ಬೈಯುತ್ತಾಳೆ. ಬೈಸಿಕೊಂಡವರು ಬಚಾವಾದರು ಅಂತಲೇ ತಿಳೀರಿ. ಆಕೆ ಸೆರಗಿನ ತುದಿಯನ್ನ ಬಾಯಿಗೆ ಅಡ್ಡ ಹಿಡಿದು ಸದ್ದಿಲ್ಲದೆ ನಗೋಕೆ ಶುರು ಮಾಡಿದರೆ ಮಾತ್ರ ಯಾರದೋ ಗ್ರಹಚಾರ ಕೆಟ್ಟಿತು ಅಂತ ಲೆಕ್ಕ. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಖಾದರಸಾಬ ಕಲಿತ ಪಾಠ ಇದೊಂದೇ. ಅದನ್ನೂ ಪೂರ್ತಿ ಕಲಿತಿರಲಿಲ್ಲ ಪಾಪ, ಇಲ್ಲದಿದ್ದರೆ ಆ ದಿನ ಹತ್ತಿ ಗಂಟು ಹೊತ್ತುಕೊಂಡು ರಸ್ತೆ ಕಡೆ ಬರುತ್ತಿರಲಿಲ್ಲ.

ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ರಸ್ತೆಯ ಪಕ್ಕದ ಊರು ಮುದ್ದನಹಾಳು. ಕಾಲುವೆ ನೀರು, ಭತ್ತದ ಗದ್ದೆ, ಬೆಳಕು ಹರಿಯೋದಕ್ಕೆ ಮುಂಚೆಯೇ ಟ್ರ್ಯಾಕ್ಟರಿನ ಸದ್ದು. ಅಲ್ಲಿನ ಒಂದು ವಾರ್ಡಿಗೆ ಹಿಂದಿನಿಂದಲೂ ಪಂಚಾಯಿತಿ ಮೆಂಬರು ಅಂದರೆ ಚನ್ನಬಸವರಾಜ ಗೌಡರೇ. ಕಳೆದ ಚುನಾವಣೆಯಲ್ಲಿ ಆ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಆದರೇನಂತೆ, ಗೌಡರು ಹೆಂಡತಿ ಮೀನಾಕ್ಷಮ್ಮನವರನ್ನ ನಿಲ್ಲಿಸಿ, ಫ್ಲೆಕ್ಸಿನಲ್ಲಿ ತಮ್ಮ ಫೋಟೋ ದೊಡ್ಡದಾಗಿ ಹಾಕಿಸಿದರು. ಎದುರಿಗೆ ನಿಂತವಳು ಗಾದಿ ಹೊಲಿಯುವ ಖಾದರಸಾಬನ ಹೆಂಡತಿ. ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಣಿಕೆ ಮುಗಿದ ಮೇಲೆ ನಗಲಿಲ್ಲ. ಮೀನಾಕ್ಷಮ್ಮನವರೂ ಗುಲ್ಜಾರಬೀಗೇ ಓಟು ಹಾಕಿದರು ಅಂತ ಊರಲ್ಲಿ ಒಂದು ಸುದ್ದಿ ಇದೆ, ಆದರೆ ಅದನ್ನ ಗೌಡರ ಮುಂದೆ ಆಡುವಷ್ಟು ಧೈರ್ಯ ಯಾರಿಗೂ ಇಲ್ಲ.

ಗುಲ್ಜಾರಬೀ ಕೆಲಸ ಮಾಡುವ ರೀತಿಯೇ ಬೇರೆ. ಅಂಬೇಡ್ಕರ್ ಓಣಿಯ ನಲ್ಲಿಗೆ ನೀರು ಬರೋದು ಬರೀ ಹೆಸರಿಗೆ, ಮೇಲಿನ ಓಣಿಯವರ ತೊಟ್ಟಿ ತುಂಬಿ ಚೆಲ್ಲಿದ ಮೇಲೆ. ಆಕೆ ಅರ್ಜಿ ಬರೆಯಲಿಲ್ಲ. ನೀರು ಬಿಡುವವನ ಮನೆ ಮುಂದೆ ದಿನಾ ಬೆಳಿಗ್ಗೆ ಖಾಲಿ ಕೊಡ ಇಟ್ಟುಕೊಂಡು ಕೂತು, ಅವನ ಹೆಂಡತಿ ಕೊಟ್ಟ ಚಹಾ ಕುಡಿದು, ಅವರ ಮನೆಯ ಒಳಗಿನ ಸುದ್ದಿಯನ್ನೆಲ್ಲ ಪ್ರೀತಿಯಿಂದ ಕೇಳಿದಳು. ವಾರ ತುಂಬುವುದರೊಳಗೆ ಎರಡೂ ಓಣಿಗೆ ಸಮನಾಗಿ ನೀರು ಬಂತು. ಮುದುಕಿಯರ ಪಿಂಚಣಿ, ಅಂಗನವಾಡಿಯ ಮೊಟ್ಟೆ, ಎಲ್ಲಾ ಹಿಂಗೇ. ಕುರುಗೋಡಿನ ಮಗಳು, ನೀರು ಕುಡಿಸಿಬಿಡ್ತಾಳೆ ಅಂತ ಜನ ಆಡಿಕೊಳ್ಳುತ್ತಿದ್ದರು.

ಆದರೆ ಬಸ್ಸಿನ ವಿಷಯ ಮಾತ್ರ ಆಕೆಗೆ ಬಗ್ಗಲಿಲ್ಲ.

ಊರಿನ ಏಳೆಂಟು ಹೆಣ್ಣುಮಕ್ಕಳು ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದರು. ಅವರಲ್ಲಿ ಚುರುಕು ಅಂದರೆ ಅಂಬೇಡ್ಕರ್ ಓಣಿಯ ಜ್ಯೋತಿಲಕ್ಷ್ಮಿ. ಅಪ್ಪ ಇಲ್ಲ, ತಾಯಿ ಸುಂಕಮ್ಮನಿಗೆ ಮೊಣಕಾಲು ನೋವು, ಆ ಹುಡುಗಿಯ ಹೊಲಿಗೆ ನಿಂತರೆ ಮನೆಯ ಒಲೆ ನಿಲ್ಲುತ್ತೆ. ಇವರಿಗೆ ಇರೋದು ಬೆಳಗಿನ ಸಿರುಗುಪ್ಪದ ಬಸ್ಸು ಒಂದೇ. ಅದು ತಪ್ಪಿದರೆ ಕಾರ್ಖಾನೆಯ ಗೇಟು ಮುಚ್ಚಿರುತ್ತದೆ. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆ ಆದಾಗ ಇವರು ಹೋಳಿಗೆ ಮಾಡಿ ಹಂಚಿದ್ದರು. ಹೋಳಿಗೆಯ ರುಚಿ ನಾಲಿಗೆಯಿಂದ ಹೋಗುವ ಮುಂಚೆಯೇ ಶುರುವಾಯಿತು ನೋಡ್ರಿ ಹೊಸ ಕಾಟ. ಡ್ರೈವರ್ ಹುಲುಗೇಶ ಸ್ಟಾಪಿನಲ್ಲಿ ಬರೀ ಸೀರೆ, ಚೂಡಿದಾರ ಕಂಡರೆ ರಸ್ತೆಯ ಆ ಬದಿಯ ಗದ್ದೆಯ ಮೇಲೆ ಭಾರೀ ಆಸಕ್ತಿ ಬೆಳೆಸಿಕೊಂಡು, ಆ ಕಡೆಯೇ ನೋಡುತ್ತಾ ಹೋಗಿಬಿಡುತ್ತಿದ್ದ. ಬಸ್ಸು ಸಿರುಗುಪ್ಪದಲ್ಲೇ ತುಂಬಿರುತ್ತೆ, ಇನ್ನೆಷ್ಟು ತುರುಕಲಿ ಅನ್ನೋದು ಅವನ ವಾದ. ಒಬ್ಬ ಗಂಡಸು ನಿಂತಿದ್ದರೆ ಮಾತ್ರ ಅದೇ ಬಸ್ಸಿನಲ್ಲಿ ಹೆಂಗೋ ಜಾಗ ಹುಟ್ಟುತ್ತಿತ್ತು.

ಕಾರ್ಖಾನೆಯ ಮ್ಯಾನೇಜರು ಹೇಳಿಯೇ ಬಿಟ್ಟಿದ್ದ: ಹಿಂಗೇ ತಡ ಆದರೆ ಮುದ್ದನಹಾಳಿನವರು ಬೇಡವೇ ಬೇಡ, ಬಳ್ಳಾರಿಯವರನ್ನೇ ತಗೋತೀನಿ.

ಗುಲ್ಜಾರಬೀ ಡಿಪೋಗೆ ಹೋದಳು. ಅಲ್ಲಿನ ಸಾಹೇಬರು ಮರ್ಯಾದೆಯಿಂದ ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ನಿಮ್ಮೂರಾಗ ಕೈ ಮಾಡಿದ್ರ ನಿಂದ್ರೋ ಸ್ಟಾಪ್ ಐತಮ್ಮ. ಜನ ನಿಂತಿದ್ರ ನಮ್ಮ ಬಸ್ಸು ನಿಂತ ನಿಲ್ತೈತಿ," ಅಂದರು.

"ಜನ ನಿಂತಿರ್ತಾರ್ರಿ ಸಾಹೇಬ್ರ. ನಿಮ್ಮ ಡ್ರೈವರ್ ನಿಂದ್ರಸವಲ್ಲ."

"ಯಾರು ನಿಂತಿರ್ತಾರ?"

"ನಮ್ಮೂರ ಹೆಣ್ಮಕ್ಳು."

"ಹೆಣ್ಮಕ್ಳು ಸರಿ. ಜನ ಯಾರೂ ನಿಂತಿರಲ್ಲೇನು?"

ಗುಲ್ಜಾರಬೀ ಚಹಾದ ಲೋಟ ಕೆಳಗಿಟ್ಟಳು. ಸೆರಗು ಬಾಯಿಗೆ ಬಂತು. ಸಾಹೇಬರು ಪಾಪ, ಈಯಮ್ಮನಿಗೆ ಖುಷಿ ಆಯಿತು ಅಂತ ತಿಳಿದು ಇನ್ನೊಂದು ಚಹಾ ತರಿಸಿದರು.

ಊರಿನ ಗ್ರಾಮಸಭೆಯಲ್ಲೂ ಮಾತೆತ್ತಿದಳು. ಚನ್ನಬಸವರಾಜ ಗೌಡರು ಈಗ ಮೆಂಬರಲ್ಲದಿದ್ದರೂ ಮುಂದಿನ ಕುರ್ಚಿ ಬಿಟ್ಟಿರಲಿಲ್ಲ. "ಪುಕ್ಕಟೆ ಹೋಗೋರಿಗೆ ಬಸ್ಸು ಮನಿ ಬಾಗಿಲಿಗೇ ಬರಬೇಕೇನಮ್ಮ?" ಅಂದರು. ಗಂಡಸರೆಲ್ಲ ಗೊಳ್ಳೆಂದರು. ಗೌಡರ ಹಿಂದೆ ಮುಂದೆ ಓಡಾಡುವ ಅಮರೇಶ ಎಲ್ಲರಿಗಿಂತ ಒಂದು ಹಿಡಿ ಜಾಸ್ತಿಯೇ ನಕ್ಕ. ಹಿಂದೆ ಕೂತಿದ್ದ ಜ್ಯೋತಿಲಕ್ಷ್ಮಿ ಎದ್ದು, "ರೊಕ್ಕ ಕೊಡ್ತೀವಂದ್ರೂ ನಿಂದ್ರಸವಲ್ರು ರೀ," ಅಂದಳು. ಆಕೆಯ ಮಾತು ಮುಗಿಯುವ ಮುಂಚೆ ಅಧ್ಯಕ್ಷರು ಚರಂಡಿಯ ವಿಷಯಕ್ಕೆ ಹೋಗಿದ್ದರು.

ಅದಾದ ಮೇಲೆ ಗುಲ್ಜಾರಬೀ ಒಂದು ಬೆಳಿಗ್ಗೆ ತಾನೇ ಹೋಗಿ ಸ್ಟಾಪಿನಲ್ಲಿ ನಿಂತಳು. ಮೆಂಬರನ್ನ ಕಂಡಾದರೂ ನಿಲ್ಲಿಸುತ್ತಾನೇನೋ ಅಂತ ಆಸೆ. ಮೆಂಬರೂ ಸೀರೆಯೇ ಉಟ್ಟಿದ್ದಳಲ್ಲ, ಹುಲುಗೇಶ ಗದ್ದೆ ನೋಡುತ್ತಾ ಹೋದ. ಆಕೆ ಬಾಯಿಗೆ ಬಂದದ್ದು ಬೈಯುತ್ತಿರುವಾಗಲೇ ಬಸ್ಸು ಮುಂದೆ ಹೋಗಿ ಗಕ್ಕನೆ ನಿಂತಿತು. ಏನಪ್ಪಾ ಅಂತ ನೋಡಿದರೆ ಅಲ್ಲಿ ಖಾದರಸಾಬ. ಹತ್ತಿ ಗಂಟು ಹೊತ್ತು ಯಾರದೋ ಗಾದಿ ಹೊಲಿಯೋಕೆ ರಸ್ತೆ ಪಕ್ಕ ಹೊರಟಿದ್ದ. ಬೆವರು ಒರೆಸೋಕೆ ಕೈ ಎತ್ತಿದ್ದ, ಅಷ್ಟೇ.

"ಬರ್ರಿ ಯಜಮಾನ್ರ, ಗಂಟು ಮ್ಯಾಲ ಹಾಕೋಣು," ಅಂತ ಕಂಡಕ್ಟರು ಇಳಿದುಬಂದ.

"ನಾನೆಲ್ಲೂ ಹೋಗವಲ್ನಪ್ಪ," ಅಂದ ಖಾದರಸಾಬ. ಅಷ್ಟರಲ್ಲಿ ಹೆಣ್ಣುಮಕ್ಕಳೆಲ್ಲ ಓಡಿ ಬಂದು ಬಸ್ಸು ಹತ್ತಿಬಿಟ್ಟಿದ್ದರು. ಗುಲ್ಜಾರಬೀ ರಸ್ತೆ ಮೇಲೆ ನಿಂತು ಗಂಡನನ್ನ ಹೊಸ ಸಾಮಾನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. ಸೆರಗು ಬಾಯಿಗೆ ಹೋಯಿತು.

ಮರುದಿನದಿಂದ ಖಾದರಸಾಬನಿಗೆ ಸ್ಟಾಪಿನ ಬೇವಿನ ಮರದ ಕೆಳಗೆ ಡ್ಯೂಟಿ. ಕೈ ಎತ್ತಬೇಕು, ಬಸ್ಸು ನಿಂತು ಹೆಣ್ಣುಮಕ್ಕಳು ಹತ್ತಿದ ಮೇಲೆ ಏನೋ ಮರೆತವನ ಹಾಗೆ ಮನೆಗೆ ಹೋಗಬೇಕು. ಕೆಲವು ದಿನ ಮಾಡಿದ. ಗಂಡಸರು ಆಡಿಕೊಂಡರು. ಅಮರೇಶನಂತೂ ಬೈಕು ನಿಲ್ಲಿಸಿ, "ಏನ್ ಚಾಚಾ, ಹೆಂಡ್ತಿ ಮೆಂಬರಾದ್ಳು, ನೀವು ಕೆಂಪು ಬಾವುಟ ಆದ್ರಿ," ಅಂದ. ಬೇರೆ ಗಂಡಸರನ್ನ ಕೇಳಿದರೆ ಒಬ್ಬನೂ ಒಪ್ಪಲಿಲ್ಲ. ಹೆಂಗಸರ ಸಲುವಾಗಿ ರಸ್ತೆಯಲ್ಲಿ ನಿಲ್ಲೋದಾ, ಬಿಡ್ರಿ.

"ಏ ಗುಲ್ಜಾರ, ನನ್ನ ಕೈಲಿ ಆಗಂಗಿಲ್ಲ," ಅಂದ ಖಾದರಸಾಬ ಒಂದು ದಿನ. "ಕೆಲಸ ಕೆಡಾಕತ್ತೈತಿ. ಅವ್ನಿಗೆ ಬೇಕಾಗಿರೋದು ಬರೇ ಒಬ್ಬ ಗಂಡಸು. ಖರೇದೋ ಸುಳ್ಳೋ ಅಂತ ಮುಟ್ಟಿ ನೋಡ್ತಾನೇನು?"

ಆತ ಸುಮ್ಮನೆ ಅಂದದ್ದು. ಹೆಂಡತಿ ಸುಮ್ಮನೆ ಕೇಳಲಿಲ್ಲ.

ಗಾದಿ ಹೊಲಿಯುವವನಿಗೆ ಮನುಷ್ಯನನ್ನ ಹೊಲಿಯೋದು ಏನು ದೊಡ್ಡ ಮಾತು. ಬಿದಿರಿನ ಗಳಕ್ಕೆ ಕೈಕಾಲು ಕಟ್ಟಿದ. ತಲೆಗೆ ಒಂದು ಪುಟ್ಟ ದಿಂಬು. ಬಿಳಿ ಅಂಗಿ, ಬಿಳಿ ಪಂಚೆ, ತಲೆ ಮೇಲೆ ಟವಲು. ಒಂದು ಕೈ ಮೇಲೆತ್ತಿ, "ನಿಂದ್ರಸಪ್ಪ" ಅನ್ನುವ ಹಾಗೆ. ಕಣ್ಣು ಮಾಡೋಕೆ ಬರಲಿಲ್ಲ ಅಂತ ಜಾತ್ರೆಯ ಕರಿ ಕನ್ನಡಕ ಹಾಕಿದ. ಕೊನೆಗೆ ಹತ್ತಿ ಮಿಕ್ಕಿತು. ಹಳೆ ಹತ್ತಿ ಬಿಸಾಕೋಕೆ ಮನಸ್ಸಾಗಲಿಲ್ಲ. ಎಲ್ಲಿ ತುಂಬಲಿ ಅಂತ ನೋಡಿ ಹೊಟ್ಟೆಗೆ ತುಂಬಿದ. ಭಾನುವಾರ ಬಂದ ಹೆಣ್ಣುಮಕ್ಕಳು ಅಂಗಿಗೆ ಗುಂಡಿ ಹೊಲಿದರು, ನಕ್ಕೂ ನಕ್ಕೂ ಸೂಜಿ ಚುಚ್ಚಿಕೊಂಡರು. ಇವರಿಗೆ ಏನಂತ ಕರಿಯೋಣ ಅಂತ ಒಬ್ಬಳು ಕೇಳಿದ್ದಕ್ಕೆ ಜ್ಯೋತಿಲಕ್ಷ್ಮಿ, "ಎಲ್ಲಾರಿಗೂ ಯಜಮಾನ್ರು," ಅಂದಳು.

ಯಜಮಾನರು ಕೆಲಸಕ್ಕೆ ನಿಂತರು. ಚಳಿಗಾಲ, ಗದ್ದೆಯ ಮೇಲೆ ಮಂಜು, ಬೇವಿನ ಮರದ ನೆರಳು. ಮೊದಲ ದಿನವೇ ಬಸ್ಸು ದೂರದಿಂದ ಹಾರ್ನು ಹೊಡೆದು, ಮೆಲ್ಲಗಾಗಿ, ಮರ್ಯಾದೆಯಿಂದ ನಿಂತಿತು. ಹೆಣ್ಣುಮಕ್ಕಳು ಹತ್ತಿದರು.

"ಯಜಮಾನ್ರು ಬರಂಗಿಲ್ಲೇನು?" ಕಂಡಕ್ಟರು ಕೇಳಿದ.

"ಅವ್ರು ನಮ್ಮನ್ನ ಕಳಸಾಕ ಬಂದಾರ್ರಿ," ಅಂದಳು ಜ್ಯೋತಿಲಕ್ಷ್ಮಿ.

"ಎಂಥಾ ಚಲೋ ಮನಷ್ಯಾರು ನೋಡು," ಅಂದ ಕಂಡಕ್ಟರು, ಸೀಟಿ ಊದಿದ.

ಬಸ್ಸು ಹೋದ ಮೇಲೆ ಗುಲ್ಜಾರಬೀ ಯಜಮಾನರನ್ನ ಹೆಗಲಿಗೆ ಹಾಕಿಕೊಂಡು ವಿರೂಪಮ್ಮನ ಚಹಾದಂಗಡಿಯ ಹಿಂದೆ ಒರಗಿಸುತ್ತಿದ್ದಳು. ದಿನಾ ಬಸ್ಸು ನಿಂತಿತು. ದಿನಾ ಹೆಣ್ಣುಮಕ್ಕಳು ಹೊತ್ತಿಗೆ ಸರಿಯಾಗಿ ಕಾರ್ಖಾನೆ ಸೇರಿದರು. ಜ್ಯೋತಿಲಕ್ಷ್ಮಿ ಆ ತಿಂಗಳು ಪೂರ್ತಿ ಸಂಬಳ ತಂದು ತಾಯಿಯ ಕೈಗಿಟ್ಟಳು. ಗುಲ್ಜಾರಬೀಗೆ ಆದ ಸಂತೋಷಕ್ಕೆ ಗಂಡನಿಗೆ ಎರಡು ಮಿರ್ಚಿ ಜಾಸ್ತಿ ಹಾಕಿ ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟಳು.

ಇಷ್ಟರಲ್ಲಿ ಚನ್ನಬಸವರಾಜ ಗೌಡರು ಊರಲ್ಲಿರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಬಳ್ಳಾರಿಯ ಪಾರ್ವತಿನಗರದ ಮಗನ ಮನೆಯಲ್ಲಿ ಮಲಗಿದ್ದರು. ಅಲ್ಲಿಗೆ ಒಂದು ದಿನ ಕುರುಗೋಡಿನ ಬೀಗರ ಫೋನು ಬಂತು.

"ಬೀಗ್ರ, ಮನ್ಯಾಗೆಲ್ಲಾ ಆರಾಮಲ್ಲ? ನಾನು ಸಿರುಗುಪ್ಪದ ಬಸ್ಸಿನ್ಯಾಗ ಬರುವಾಗೆಲ್ಲಾ ನೋಡಾಕತ್ತೀನಿ. ನೀವು ದಿನಾ ಬೇವಿನ ಗಿಡದ ಕೆಳಗ ಕೈ ಎತ್ತಿ ನಿಂತಿರ್ತೀರಿ. ಬಸ್ಸು ನಿಂತ್ರೂ ಹತ್ತಂಗಿಲ್ಲ. ಏನರ ಮನಸ್ಸಿಗೆ ಹಚ್ಕೊಂಡೀರೇನು?"

ಗೌಡರು ಕಣ್ಣಿಗೆ ಔಷಧ ಬಿಟ್ಟುಕೊಂಡು ಅಂಗಾತ ಮಲಗಿದ್ದರು. ತಾನು ಪಾರ್ವತಿನಗರದಲ್ಲಿ ಇದ್ದೀನೋ ಮುದ್ದನಹಾಳಿನಲ್ಲಿ ಇದ್ದೀನೋ ಅಂತ ಅವರಿಗೇ ಒಂದು ಗಳಿಗೆ ಅನುಮಾನ ಬಂತು. ಊರಿಗೆ ಮರಳಿದರೆ ಅಮರೇಶ ಮುಖ ತಿರುಗಿಸಿಕೊಂಡು ಹೋದ. ಕರೆದು ಕೇಳಿದರೆ, "ದಿನಾ ಬೈಕಿನ ಮ್ಯಾಲಿಂದ ಶರಣ್ರೀ ಗೌಡ್ರ ಅಂತೀನಿ, ನೀವು ಒಂದು ತಲಿನಾದ್ರೂ ಅಲ್ಲಾಡಿಸಿದ್ರೇನು? ಸೋತ ಮ್ಯಾಲ ಇಷ್ಟು ಸೊಕ್ಕು ಬರಬಾರದು ರೀ," ಅಂತ ಅವನೇ ಅಳುಮೋರೆ ಹಾಕಿದ.

ಮರುದಿನ ಬೆಳಿಗ್ಗೆ ಗೌಡರು ಸ್ಟಾಪಿಗೆ ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ತಲೆಗೆ ಟವಲು, ಡಾಕ್ಟರು ಕೊಟ್ಟ ಕರಿ ಕನ್ನಡಕ. ಎದುರಿಗೆ ಯಜಮಾನರು, ಅದೇ ವೇಷ, ಅದೇ ಹೊಟ್ಟೆ. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು.

"ಇದು ನಾನು," ಅಂದರು ಗೌಡರು.

"ಹೌದೇನ್ರಿ?" ಗುಲ್ಜಾರಬೀ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ನಮಗ ಗೊತ್ತಾಗಲಿಲ್ಲ ನೋಡ್ರಿ. ನೀವು ಎಂದಾದ್ರೂ ಹೆಣ್ಮಕ್ಕಳ ಸಲುವಾಗಿ ಹಿಂಗ ನಿಂತಿದ್ದು ಕಂಡಿದ್ರ ಗುರ್ತು ಸಿಗ್ತಿತ್ತು."

ಗೌಡರು ಟವಲು ಕೊಡವಿದರು. ಇದು ನನ್ನ ಮಾನದ ಪ್ರಶ್ನೆ, ಪೊಲೀಸು ಕಂಪ್ಲೇಂಟು ಕೊಡ್ತೀನಿ ಅಂದರು. ಕೊಡೋಕೆ ಹೊರಟೂ ಹೊರಟರು. ಆದರೆ ಹತ್ತಿ ತುಂಬಿದ ಗೊಂಬೆ ಥೇಟ್ ನನ್ನ ಹಂಗೇ ಇದೆ ಅಂತ ತಮ್ಮ ಬಾಯಿಂದ ತಾವೇ ಠಾಣೆಯಲ್ಲಿ ಹೇಳಬೇಕಾಗುತ್ತದೆ ಅನ್ನೋದು ಅರ್ಧ ದಾರಿಯಲ್ಲಿ ಹೊಳೆದು ವಾಪಸು ಬಂದರು.

ಯಜಮಾನರನ್ನ ಕೆಡಿಸಿದ್ದು ಗೌಡರಲ್ಲ, ಕಂಡಕ್ಟರಿನ ಒಳ್ಳೆಯತನ. ದಿನಾ ಹೆಣ್ಣುಮಕ್ಕಳನ್ನ ಕಳಿಸಿ ತಾನು ಉಳಿಯುವ ಹಿರಿಯ, ಒಂದು ದಿನವಾದರೂ ಬಳ್ಳಾರಿಗೆ ಕರೆದುಕೊಂಡು ಹೋಗೋಣ ಅಂತ ಅವನಿಗೆ ಅನಿಸಿತು. ಇಳಿದು ಬಂದ. "ಬರ್ರಿ ಯಜಮಾನ್ರ, ಸೀಟು ಕೊಡಸ್ತೀನಿ," ಅಂತ ಎತ್ತಿದ ಕೈಯನ್ನ ಹಿಡಿದು ಪ್ರೀತಿಯಿಂದ ಎಳೆದ. ಕೈ ಅವನ ಜೊತೆಗೇ ಬಂತು. ಭುಜದಿಂದ ಹತ್ತಿ ಸುರಿಯಿತು. ಕಂಡಕ್ಟರು ಆ ಕೈ ಹಿಡಿದುಕೊಂಡೇ ರಸ್ತೆ ನಡುವೆ ಕುಸಿದು ಕೂತ, ವಿರೂಪಮ್ಮ ಬಂದು ಮುಖಕ್ಕೆ ನೀರು ಹಾಕಬೇಕಾಯಿತು.

ಬಸ್ಸಿನ ತುಂಬಾ ನಗೆ. ಆ ನಗೆ ಬಳ್ಳಾರಿ ಬಸ್ ಸ್ಟ್ಯಾಂಡಿಗೆ ಹೋಯಿತು, ಸಿರುಗುಪ್ಪಕ್ಕೆ ತಿರುಗಿ ಬಂತು, ಹಚ್ಚೊಳ್ಳಿಯ ಹೋಟೆಲುಗಳಲ್ಲಿ ಚಹಾದ ಜೊತೆ ಕುದಿಯಿತು. ಹೋದಲ್ಲೆಲ್ಲ ಜನ ಹುಲುಗೇಶನಿಗೆ, "ಗಾದಿಗೆ ಅರ್ಧ ಟಿಕೆಟೋ ಪೂರಾ ಟಿಕೆಟೋ?" ಅಂತ ಕೇಳತೊಡಗಿದರು. ಹುಲುಗೇಶ ಹಲ್ಲು ಕಚ್ಚಿದ. ಇನ್ನು ಮುಂದೆ ಮುದ್ದನಹಾಳಿನ ಬೇವಿನ ಮರದ ಕೆಳಗೆ ಯಾರೇ ನಿಲ್ಲಲಿ, ನನ್ನಪ್ಪನೇ ಬಂದು ನಿಲ್ಲಲಿ, ಬ್ರೇಕು ಒತ್ತಂಗಿಲ್ಲ ಅಂದುಬಿಟ್ಟ.

ಹೇಳಿದಂತೆಯೇ ಮಾಡಿದ. ಮೊದಲು ಹತ್ತರಲ್ಲಿ ಎರಡು ಮೂರು ಸಲವಾದರೂ ನಿಲ್ಲುತ್ತಿದ್ದ ಬಸ್ಸು ಈಗ ಒಂದು ಸಲವೂ ನಿಲ್ಲಲಿಲ್ಲ. ಕಾರ್ಖಾನೆಯ ಮ್ಯಾನೇಜರು ಕೊನೆಯ ಮಾತು ಆಡಿದ: ಸೋಮವಾರ ಗೇಟು ಮುಚ್ಚುವುದರೊಳಗೆ ಬರದಿದ್ದರೆ ಆಮೇಲೆ ಬರಲೇಬೇಡ್ರಿ.

ಜ್ಯೋತಿಲಕ್ಷ್ಮಿ ಅದನ್ನ ಗುಲ್ಜಾರಬೀಯ ಹೊಸ್ತಿಲಲ್ಲಿ ಕೂತು ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ಗುಲ್ಜಾರಬೀಗೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು.

"ಬೀಬಮ್ಮ, ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ಆದ್ರ ಗೊಂಬಿ ಬರೋಕಿಂತ ಮದ್ಲ ಸ್ವಲ್ಪನಾದ್ರೂ ನಡೀತಿತ್ತು. ಈಗ ಅದೂ ಹೋತು," ಅಂದಳು.

ಗುಲ್ಜಾರಬೀ ಆ ದಿನ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು. ನನ್ನ ಚೇಷ್ಟೆಗೆ ಈ ಹುಡುಗಿಯ ಹೊಟ್ಟೆ ಮೇಲೆ ಹೊಡೆದೆನಲ್ಲ ಅಂತ ಸಂಕಟವಾಯಿತು. ಗಂಡ, "ಬಿಡು, ಏನರ ಆಗ್ತೈತಿ," ಅಂದದ್ದಕ್ಕೆ ಬೈದಳು. ನಗು ಬಂದಿರಲಿಲ್ಲ.

ಗುರುವಾರ ಗೌಡರಿಗೆ ಬಳ್ಳಾರಿಯಲ್ಲಿ ಕಣ್ಣು ತೋರಿಸುವ ದಿನ. ಬೈಕು ಹತ್ತಬೇಡ ಅಂದಿದ್ದರು ಡಾಕ್ಟರು. ಬೆಳಿಗ್ಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಬಿಳಿ ಅಂಗಿ, ಬಿಳಿ ಪಂಚೆ, ಟವಲು, ಕರಿ ಕನ್ನಡಕ. ಈ ಬದಿಗೆ ಹೆಣ್ಣುಮಕ್ಕಳು, ಅವರ ಜೊತೆ ಗುಲ್ಜಾರಬೀ. ಬಸ್ಸು ಬಂತು. ಗೌಡರು ಗತ್ತಿನಿಂದ ಒಂದು ಕೈ ಎತ್ತಿದರು.

ಹುಲುಗೇಶ ನೋಡಿದ. ಮತ್ತೆ ತಂದು ನಿಲ್ಲಿಸ್ಯಾರ, ಕೈ ಬ್ಯಾರೆ ಹೊಲಿದಾರ ಅಂದುಕೊಂಡ. ಕಿಟಕಿಯಿಂದ ಮುಖ ಹೊರಗೆ ಹಾಕಿ, "ನಿಂದ್ರಲೇ ಗಾದಿ, ಅಲ್ಲೇ ನಿಂದ್ರು," ಅಂತ ಕೂಗಿ, ಟಾಟಾ ಮಾಡಿ, ಗೇರು ಬದಲಿಸಿ ಹೋದ. ಗೌಡರು ಪಂಚೆ ಎತ್ತಿಕೊಂಡು ಓಡಿದರು. ಕಿಟಕಿ ಪಕ್ಕದವರು, ಏ ಗೊಂಬಿ ಓಡಾಕತ್ತೈತಿ ಅಂದರಂತೆ. ಹುಲುಗೇಶ ನಂಬಲಿಲ್ಲ.

ಹೆಣ್ಣುಮಕ್ಕಳು ನಕ್ಕರು, ನಗದೆ ಇರೋಕೆ ಅವರೇನು ಕಲ್ಲೇ? ಗುಲ್ಜಾರಬೀ ಮಾತ್ರ ನೀರಿನ ಬಾಟಲಿ ಹಿಡಿದು ಗೌಡರ ಹತ್ತಿರ ಹೋದಳು. ಗೌಡರು ರಸ್ತೆಯ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು.

"ನನ್ನ ನೋಡಿದ ಗುಲ್ಜಾರಮ್ಮ. ನೋಡಿ, ನೋಡಿ ಹೋದ," ಅಂದರು. ಕಣ್ಣಲ್ಲಿ ನೀರಿತ್ತು. ಆಪರೇಷನ್ನಿನದೋ ಅವಮಾನದ್ದೋ, ಅಂತೂ ನೀರಿತ್ತು.

"ಹೋಗ್ಲಿ ಬಿಡ್ರಿ ಗೌಡ್ರ. ಪುಕ್ಕಟೆ ಹತ್ತೋರು ಅಂದ್ಕೊಂಡಿರಬೇಕು," ಅಂದಳು ಆಕೆ, ನೀರು ಕುಡಿಸಿದಳು.

ಆ ಸಂಜೆಯೇ ಪಂಚಾಯಿತಿ ಕಟ್ಟೆಯಲ್ಲಿ ಜನ ಸೇರಿದರು. ಗೌಡರಿಗೆ ಹಿಂಗೆ ಮಾಡಿದನಾ, ಊರಿನ ಮರ್ಯಾದೆ ಏನಾಯಿತು, ನಾಳೆ ರಸ್ತೆ ಬಂದ್ ಮಾಡೋಣ, ಅಮರೇಶನಂತೂ ಟೈರು ಸುಡೋಣ ಅಂತ ಎದ್ದು ನಿಂತಿದ್ದ. ಅಧ್ಯಕ್ಷರು ಚರಂಡಿಯ ಹೆಸರೆತ್ತಲಿಲ್ಲ. ಬಸ್ಸು ಇಲ್ಲಿ ಕಡ್ಡಾಯವಾಗಿ ನಿಲ್ಲಬೇಕು ಅನ್ನೋರು ಕೈ ಎತ್ತಿ ಅಂದರೆ ಕಟ್ಟೆಯ ಮೇಲಿದ್ದ ಕೈಯೆಲ್ಲ ಒಟ್ಟಿಗೆ ಮೇಲಕ್ಕೆ ಹೋದವು. ಗುಲ್ಜಾರಬೀಯೂ ಎತ್ತಿದಳು. ಆಮೇಲೆ ಎದ್ದು ನಿಂತಳು.

"ನನಗ ಹೊಟ್ಟಿ ಉರಿತೈತಿ, ಸುಳ್ಳು ಯಾಕ ಹೇಳ್ಲಿ. ಹೆಣ್ಮಕ್ಳು ಮಳಿಗಾಲದಿಂದ ಅಲ್ಲಿ ನಿಂತಾರ. ಇದ ಕಟ್ಟಿ ಮ್ಯಾಲ ಬಂದು ಹೇಳಿದ್ರು, ನೀವು ನಕ್ರಿ. ಇವತ್ತ ಗೌಡ್ರು ಒಂದು ಬಸ್ಸು ತಪ್ಪಿಸ್ಕೊಂಡ್ರು, ಊರಿಗೆ ಊರ ಎದ್ದು ನಿಂತೈತಿ. ಗೌಡ್ರಿಗಾಗಿದ್ದು ತಪ್ಪ. ಅದು ತಪ್ಪಾದ್ರ ದಿನಾ ಆಗಾಕತ್ತಿದ್ದು ಏನದು?"

ಯಾರೂ ನಗಲಿಲ್ಲ. ಗೌಡರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಊರು ಕದಲಿದರೆ ಡಿಪೋ ಕದಲದೆ ಇರುತ್ತದೆಯೇ. ಸಾಹೇಬರು ಫೋನು ಮಾಡಿ, ಸೋಮವಾರ ಬೆಳಿಗ್ಗೆ ನಾನೇ ಬರ್ತೀನಿ, ಬಸ್ಸಿಗೆ ಹಾರ ಹಾಕಿ ಸ್ಟಾಪು ಶುರು ಮಾಡೋಣ ಅಂದರು. ಸೋಮವಾರ ಬೇವಿನ ಮರದ ಕೆಳಗೆ ಮದುವೆ ಮನೆಯಷ್ಟು ಜನ. ಸಾಹೇಬರ ಕೈಯಲ್ಲಿ ಹಾರ, ಗೌಡರ ಕೈಯಲ್ಲಿ ಕಾಯಿ, ಅಮರೇಶನ ಕೈಯಲ್ಲಿ ಫೋಟೋ ತೆಗೆಯೋಕೆ ಮೊಬೈಲು. ಮುಂದಿನ ಸಾಲು ಪೂರ್ತಿ ಬಿಳಿ ಅಂಗಿ. ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಎಲ್ಲೋ ಹಿಂದೆ, ಸರಿಯಾಗಿ ಕಾಣುವಂತೆಯೂ ಇರಲಿಲ್ಲ.

"ಡ್ರೈವರ್‌ಗೆ ಏನು ಹೇಳೀರಿ ಸಾಹೇಬ್ರ?" ಗುಲ್ಜಾರಬೀ ಕೇಳಿದಳು.

"ಖಡಕ್ಕಾಗಿ ಹೇಳೀನಮ್ಮ. ಮುದ್ದನಹಾಳಿನಾಗ ಜನ ನಿಂತಿದ್ರ ನಿಂದ್ರಸಲೇಬೇಕು ಅಂತ."

ಗುಲ್ಜಾರಬೀ ಆ ಬಿಳಿ ಅಂಗಿಗಳ ಸಾಲನ್ನ ಒಮ್ಮೆ ನೋಡಿದಳು. ಇಷ್ಟು ಮಂದಿ ಗಂಡಸರು ನಿಂತರೆ ಬಸ್ಸಲ್ಲ, ರೈಲೂ ನಿಲ್ಲುತ್ತದೆ. ಇವತ್ತು ನಿಲ್ಲುತ್ತದೆ. ನಾಳೆ ಇವರೆಲ್ಲ ಮನೆಯಲ್ಲಿ ಮಲಗಿರುತ್ತಾರೆ, ನಾಳೆ ಏನು? ಆಕೆಯ ಸೆರಗು ಮೆಲ್ಲಗೆ ಬಾಯಿಗೆ ಹೋಯಿತು. ದೂರದಲ್ಲಿ ನಿಂತಿದ್ದ ಖಾದರಸಾಬ ಅದನ್ನ ಕಂಡು, ಈ ಸಲ ಪಾಠ ನೆನಪಿಟ್ಟುಕೊಂಡು, ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದ.

"ಎಲ್ಲಾ ಗಂಡಸ್ರೂ ವಿರೂಪಮ್ಮನ ಅಂಗಡಿ ಹಿಂದ ಹೋಗಿ ಕೂಡ್ರಿ," ಅಂದಳು. "ಬಸ್ಸಿನವ್ರ ಕಣ್ಣಿಗೆ ಒಂದು ಟವಲೂ ಬೀಳಬಾರದು."

"ನಾನೂ ಏನಮ್ಮ?" ಅಂದರು ಸಾಹೇಬರು.

"ನೀವು ಎಲ್ಲಾರಿಗಿಂತ ಮದ್ಲ."

ಗೊಣಗಿದರು, ಆದರೆ ಹೋದರು. ಚಹಾದಂಗಡಿಯ ತಡಿಕೆಯ ಹಿಂದೆ ಸಾಹೇಬರು ಹಾರ ಹಿಡಿದು, ಗೌಡರು ಕಾಯಿ ಹಿಡಿದು, ಅಧ್ಯಕ್ಷರು ಹೊಟ್ಟೆ ಹಿಡಿದು ಕುಕ್ಕುರುಗಾಲಲ್ಲಿ ಕೂತರು. ಒಬ್ಬಳಿಗೆ ನಿಂತರೆ ಎಲ್ಲರಿಗೂ ನಿಲ್ಲುತ್ತೆ ಅಂತ ಉಳಿದ ಹೆಣ್ಣುಮಕ್ಕಳನ್ನೂ ಗುಲ್ಜಾರಬೀ ಅಲ್ಲೇ ಕೂರಿಸಿದಳು, ತಾನೂ ಕೂತಳು. ಬೇವಿನ ಮರದ ಕೆಳಗೆ ಉಳಿದವಳು ಜ್ಯೋತಿಲಕ್ಷ್ಮಿ ಒಬ್ಬಳೇ.

ನಿಲ್ಲದಿದ್ದರೆ ಈ ಏಳೆಂಟು ಮನೆಯ ಅನ್ನ ಇವತ್ತಿಗೆ ಮುಗಿಯಿತು. ಅದು ಗುಲ್ಜಾರಬೀಗೆ ಗೊತ್ತಿತ್ತು. ಎಂಥ ಹುಚ್ಚು ಕೆಲಸ ಮಾಡಿದೆ, ಆ ಬಿಳಿ ಅಂಗಿಗಳನ್ನ ಮುಂದೆಯೇ ಬಿಡಬೇಕಿತ್ತು ಅಂತ ತನ್ನನ್ನೇ ಬೈದುಕೊಂಡಳು. ತಡಿಕೆಯ ಸಂದಿಗೆ ಕಣ್ಣಿಟ್ಟು ಕೂತಳು.

ಬಸ್ಸು ಬಂತು. ಜ್ಯೋತಿಲಕ್ಷ್ಮಿ ಕೈ ಎತ್ತಿದಳು. ಬಸ್ಸು ಆಕೆಯನ್ನ ದಾಟಿ ಹೋಯಿತು.

ಸ್ವಲ್ಪ ಮುಂದೆ ಹೋಗಿ ಬ್ರೇಕು ಕಿರುಗುಟ್ಟಿತು. ಬಸ್ಸು ನಿಂತಿತು. ಹಿಂದಿನ ದೀಪ ಹೊತ್ತಿತು. ಆಮೇಲೆ ಆ ದೊಡ್ಡ ಬಸ್ಸು, ಸಿರುಗುಪ್ಪದಿಂದ ತುಂಬಿಕೊಂಡು ಬಂದ ಅಷ್ಟೂ ಜನರನ್ನ ಹೊತ್ತುಕೊಂಡು, ಒಬ್ಬ ಹುಡುಗಿಗಾಗಿ ಮೆಲ್ಲಗೆ ಹಿಂದಕ್ಕೆ ಬಂತು.

ಕಂಡಕ್ಟರು ಇಳಿದ. ಒಂದು ಸಲ ಕೈ ಸುಟ್ಟುಕೊಂಡವನು, ಹತ್ತಿರ ಬರಲಿಲ್ಲ. ಒಂದು ಮಾರು ದೂರ ನಿಂತು, ತಲೆ ವಾರೆ ಮಾಡಿ ಆಕೆಯನ್ನ ಮೇಲಿಂದ ಕೆಳಗೆ ನೋಡಿದ.

"ಯವ್ವಾ, ನೀನು ಖರೇ ಮನಷ್ಯಾಳೇನು?" ಕೇಳಿದ.

ಜ್ಯೋತಿಲಕ್ಷ್ಮಿ ಊಟದ ಡಬ್ಬಿಯನ್ನ ಒಂದು ಕೈಯಿಂದ ಇನ್ನೊಂದು ಕೈಗೆ ತಗೊಂಡಳು.

"ಹೌದ್ರಿ. ಮದ್ಲಿಂದನೂ ಖರೇನ ಅದೀನ್ರಿ," ಅಂದಳು, ಅವನನ್ನ ದಾಟಿ ಹೋಗಿ ಬಸ್ಸು ಹತ್ತಿದಳು.

ಉಳಿದ ಹೆಣ್ಣುಮಕ್ಕಳು ಎದ್ದು ಓಡಿದರು. ಹುಲುಗೇಶ ಕನ್ನಡಿಯಲ್ಲಿ ನೋಡುತ್ತಾ ಕೊನೆಯವಳು ಹತ್ತುವ ತನಕ ಕಾದ. ಗುಲ್ಜಾರಬೀಗೆ ಅಳು ಬಂತು. ಅಷ್ಟೂ ಗಂಡಸರ ಮುಂದೆ, ಸೆರಗು ಅಡ್ಡ ಹಿಡಿಯದೆ, ಅತ್ತಳು. ಗೌಡರು ಕಾಯಿ ಹಿಡಿದುಕೊಂಡು ಆ ಕಡೆ ಈ ಕಡೆ ನೋಡಿದರು.

"ಬಸ್ಸು ಹೊಂಟಿತು. ಹಾರ ಹಾಕೋದು ಉಳೀತಲ್ಲ ಗುಲ್ಜಾರಮ್ಮ. ನಾವು ಇನ್ನ ಎದ್ದು ಕಾಣಿಸ್ಕೋಬಹುದೇನು?" ಅಂತ ಪಿಸುಗುಟ್ಟಿದರು.

"ಕೂಡ್ರಿ ಗೌಡ್ರ," ಅಂದಳು ಆಕೆ, ಕಣ್ಣು ಒರೆಸಿಕೊಳ್ಳುತ್ತಾ. "ಅವ್ರು ಹೋಗಿ ಮುಟ್ಟಲಿ. ಅಲ್ಲೀತನ ನೀವು ಯಾರೂ ಇಲ್ಲಿ ಇಲ್ಲ."

ಸಾಹೇಬರು, ಗೌಡರು, ಅಮರೇಶ, ಎಲ್ಲರೂ ತಡಿಕೆಯ ಹಿಂದೆಯೇ ಕೂತರು.